ದಿನದ ಹಾಜರಿಗೆ ನಡೆದವರು

ಮಳೆಯಲ್ಲಿ ನೆನೆದ ಚರ್ಮದ ಬೂಟನ್ನು ಕೆಂಡದ ಶೆಗಡಿಯ ಹತ್ತಿರ ಒಣಗಲಿಟ್ಟರೆ ಒಂದು ವಾಸನೆ ಏಳುತ್ತದೆ. ಹಸಿ ತೊಗಲು, ಕೆಸರು, ಸ್ವಲ್ಪ ಸುಟ್ಟ ಬೆಲ್ಲ ಕೂಡಿದಂಥ ವಾಸನೆ. ನನ್ನ ಹೆಂಡತಿಗೆ ಅದು ಸೇರುವುದಿಲ್ಲ. "ಅಡಗಿ ಮನ್ಯಾಗ ಬೂಟ್ ಸುಡೂ ಪಾದ್ರಿ ಇಡೀ ಪುಣೆ ಊರಾಗ ನೀವೊಬ್ರ ಇರಬೇಕು," ಎಂದು ಈ ಮಳೆಗಾಲದಲ್ಲೂ ಅಂದಳು. ನಾನು ಬೂಟನ್ನು ಕೆಂಡಕ್ಕೆ ಇನ್ನಷ್ಟು ಹತ್ತಿರ ಸರಿಸಿದೆ. ಒದ್ದೆ ಬೂಟಿನಿಂದ ಶೀತ, ಶೀತದಿಂದ ಕೆಮ್ಮು, ಕೆಮ್ಮಿನಿಂದ ಎದೆಯ ಬೇನೆ. ಅದರ ಮುಂದಿನದೂ ನನಗೆ ಬಾಯಿಪಾಠ. ಹಾಗೆ ಬಗ್ಗಿದಾಗ ವಾಸನೆ ಮೂಗಿಗೆ ಬಡಿಯಿತು, ಕೈ ಅಲ್ಲೇ ನಿಂತಿತು. ಹಿಂದೊಮ್ಮೆ ಒಂದು ಮಳೆಗಾಲ ಪೂರ್ತಿ ನನ್ನ ಕೋಣೆಯಲ್ಲಿ ಇದೇ ವಾಸನೆ ತುಂಬಿತ್ತು... ಬೂಟು ನನ್ನದಾಗಿರಲಿಲ್ಲ.

ಆಗ ನಾನು ಪುಣೆಯ ಯೆರವಡಾದ ಆಚೆಗಿದ್ದ ಒಂದು ಸಣ್ಣ ದೇವಜ್ಞಾನ ಕಾಲೇಜಿನಲ್ಲಿ ಓದುತ್ತಿದ್ದೆ. ಪಾದ್ರಿಗಳಾಗುವವರಿಗೆ ಬೈಬಲ್ ಪಾಠ, ಉಪದೇಶ ಮಾಡುವ ರೀತಿ, ಸಭೆ ನಡೆಸುವ ರೀತಿ ಕಲಿಸುವ ಜಾಗ. ಓದುತ್ತಿದ್ದೆ ಎನ್ನಲು ಆಗಲೂ ನಾಚಿಕೆಯಾಗುತ್ತಿತ್ತು. ಗದಗಿನಲ್ಲಿ ವರ್ಷಗಟ್ಟಲೆ ಮಾಸ್ತರಿಕೆ ಮಾಡಿ, ಕಿವಿಯ ಪಕ್ಕ ಬಿಳಿಗೂದಲು ಇಣುಕತೊಡಗಿದ ಮೇಲೆ ಪಾದ್ರಿಯಾಗಲು ಹೊರಟವನು ನಾನು. ಜೊತೆಯಲ್ಲಿ ಓದುವವರು ನನ್ನನ್ನು ಕಂಡರೆ ಅಪ್ಪಿತಪ್ಪಿ ಎದ್ದು ನಿಲ್ಲುತ್ತಿದ್ದರು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಪರದೇಶದಿಂದ ಯಾರಾದರೂ ಓದಲು ಬಂದರೆ ಅವರಿಗೆ ಈ ಕಡೆಯ ಒಬ್ಬ ವಿದ್ಯಾರ್ಥಿಯನ್ನು ಜೊತೆಗಾರನೆಂದು ಕೊಡುತ್ತಿದ್ದರು. ಇಬ್ಬರಿಗೂ ಒಂದೇ ಕೋಣೆ. ನೀರು ಎಲ್ಲಿ ಕುಡಿಯಬೇಕು, ಬಟ್ಟೆ ಒಗೆಯಲು ಯಾರಿಗೆ ಹಾಕಬೇಕು, ಕೈಯಲ್ಲಿ ಹೇಗೆ ಉಣ್ಣಬೇಕು, ಯಾವ ಕಾಗದ ಯಾವ ಕಚೇರಿಗೆ ಒಯ್ಯಬೇಕು, ಎಲ್ಲವನ್ನೂ ಜೊತೆಗಾರ ಹೇಳಿಕೊಡಬೇಕು. ನಮ್ಮ ಪ್ರಿನ್ಸಿಪಾಲ್ ಸಾಹೇಬರು ಇಂಗ್ಲೆಂಡಿನವರು, ಮೆತ್ತಗಿನ ಮಾತಿನವರು. ನನ್ನನ್ನು ಕರೆದು, "ನಿಮಗೆ ಎಲ್ಲದರ ಭಯವೂ ಇದೆ. ಆದ್ದರಿಂದ ನೀವು ಏನನ್ನೂ ಹೇಳಲು ಮರೆಯುವುದಿಲ್ಲ," ಎಂದರು. ಬಹಳ ಕಾಲ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನನ್ನ ಪಾಲಿಗೆ ಬಂದವರು ಕಾಲೇಜಿಗೆ ಕಾಲಿಟ್ಟದ್ದು ಬೇಸಿಗೆಯ ಕೊನೆಗೆ. ಆಫ್ರಿಕಾದ ಅಬಿಸೀನಿಯಾದವರು. ಪುಣೆಯ ಜನ ಆ ಸೀಮೆಯವರಿಗೆ ಹಬಶಿ ಎನ್ನುತ್ತಿದ್ದರು. ಟಾಂಗಾದವನು ಅವರನ್ನು ಗೇಟಿನಲ್ಲಿ ಇಳಿಸಿ, ನಿಮ್ಮ ಹಬಶಿ ಬಂದ ನೋಡಿ ಎಂದು ಮರಾಠಿಯಲ್ಲಿ ಕೂಗಿ ಹೋದ. ಎತ್ತರದ, ತೆಳ್ಳಗಿನ ಆಳು. ಮೈಮೇಲೆ ಬಿಳಿಯ ಹತ್ತಿಯ ಹೊದಿಕೆ. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಅಡ್ಡ ಹಿಡಿಕೆ. ಕಾಲಲ್ಲಿ ಮಾತ್ರ ಯಾರೋ ಬಿಳಿಯ ದೊರೆ ಕೊಟ್ಟ ಭಾರದ ಬೂಟು, ಅಳತೆ ಮೀರಿ ದೊಡ್ಡದು, ನಡೆದರೆ ಹಿಮ್ಮಡಿ ಒಳಗೇ ಎದ್ದು ಬೀಳುತ್ತಿತ್ತು. ನನಗಿಂತ ಎಷ್ಟು ದೊಡ್ಡವರೋ ಗೊತ್ತಾಗಲಿಲ್ಲ. ತಮ್ಮ ವಯಸ್ಸು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ. ಪುಣೆಯಲ್ಲಿ ಅಣ್ಣನಿಗೆ ದಾದಾ ಎನ್ನುತ್ತಾರೆ. ನಾನೂ ದಾದಾ ಎಂದೆ. ವಾರ ಕಳೆಯುವುದರಲ್ಲಿ ಕಾಲೇಜಿಗೇ ಅವರು ದಾದಾ ಆದರು.

ನಮ್ಮ ನಡುವೆ ನಡೆಯುತ್ತಿದ್ದುದು ಇಂಗ್ಲಿಷ್. ಇಬ್ಬರಿಗೂ ಅದು ಯಾರದೋ ಅಂಗಿ ತೊಟ್ಟ ಹಾಗೆ. ಅವರಿಗೆ ಬಿಗಿ, ನನಗೆ ಸಡಿಲ. ಆ ಇಂಗ್ಲಿಷ್ ಈಗ ನನಗೆ ನೆನಪೇ ಇಲ್ಲ. ನೆನೆದಾಗಲೆಲ್ಲ ದಾದಾ ನಮ್ಮ ಮನೆಯ ಗದಗಿನ ಕನ್ನಡದಲ್ಲಿ ಮಾತಾಡುತ್ತಾರೆ. ಹಾಗೆಯೇ ಬರೆಯುತ್ತಿದ್ದೇನೆ.

ಮೊದಲ ವಾರದಲ್ಲೇ ನಾನು ಅವರಿಗೆ ಪುಣೆಯಲ್ಲಿ ಸಾಯಬಹುದಾದ ಎಲ್ಲ ದಾರಿಗಳನ್ನೂ ವಿವರಿಸಿದೆ. ಬೂಟು ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಬೇಕು, ಚೇಳು ಇರುತ್ತದೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು, ಮಳೆ ನಿಂತ ಮೇಲೆ ಚಳಿಜ್ವರ ಬರುತ್ತದೆ. ಬಾವಿಯ ನೀರು ಕುದಿಸದೆ ಕುಡಿಯಬಾರದು. ಪೇಟೆಯಲ್ಲಿ ಮಂಜುಗಡ್ಡೆ ಹಾಕಿದ್ದೇನನ್ನೂ ಮುಟ್ಟಬಾರದು. ಬಡಕಲು ಕುದುರೆಯ ಟಾಂಗಾ ಹತ್ತಬಾರದು, ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಕೊಬ್ಬಿದ ಕುದುರೆಯದಂತೂ ಹತ್ತಲೇಬಾರದು, ಅದು ಓಡುತ್ತದೆ. ದಾದಾ ತೊಡೆಯ ಮೇಲೆ ಕೈಯಿಟ್ಟು ಪಾಠ ಕೇಳುವವರಂತೆ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ತಮ್ಮಾ, ಇಲ್ಲೆ ಆಕಾಶದಿಂದ ಏನಾರ ಬೀಳ್ತದೇನು?"

ನಾನು ಉತ್ಸಾಹದಿಂದ ಮೃಗಶಿರಾ ಮಳೆಯ ಬಗ್ಗೆ, ಆಲಿಕಲ್ಲಿನ ಬಗ್ಗೆ, ಸಿಡಿಲಿಗೆ ಮರದ ಕೆಳಗೆ ನಿಲ್ಲಬಾರದೆಂಬುದರ ಬಗ್ಗೆ ಹೇಳಿದೆ.

"ಬರೇ ಮಳಿ ಅಷ್ಟ? ಹಂಗಾದ್ರ ಛಲೋ ಊರು," ಎಂದರು.

ಅದರ ಅರ್ಥ ತಿಳಿದದ್ದು ಮುಂದೆ, ತುಣುಕು ತುಣುಕಾಗಿ. ಇಟಲಿಯವರು ಅವರ ದೇಶವನ್ನು ವಿಮಾನದಿಂದ ಸುಟ್ಟಿದ್ದರು. ಉಸಿರು ಕಟ್ಟಿಸುವ ಹೊಗೆಯನ್ನು ಗದ್ದೆಗಳ ಮೇಲೆ ಬಿಟ್ಟಿದ್ದರು. ರಾಜ ದೇಶ ಬಿಟ್ಟು ಹೋಗಿದ್ದ. ದಾದಾ ಬೆಳೆದ ಗುಡ್ಡದ ಮೇಲಿನ ಮಠದಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ... ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಅವರು ಆ ಮಠದ ದೀಕನ್ ಆಗಿದ್ದರು, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಸುವ ಪ್ರಭುಭೋಜನದ ಪಾತ್ರೆಯನ್ನು ಮುಟ್ಟುವ ಹಕ್ಕುಳ್ಳವರು. ಗುಡ್ಡದಿಂದ ಸಮುದ್ರದವರೆಗೆ ನಡೆದೇ ಬಂದಿದ್ದರು. ಪಾದ್ರಿಪಟ್ಟಕ್ಕೆ ಬೇಕಾದ ಓದು ಇಲ್ಲಿ ಮುಗಿಸಿ, ದೇಶ ತಿರುಗಿ ದೊರೆತ ದಿನ ಆ ಮಠಕ್ಕೆ ಹೋಗಿ ನಿಲ್ಲಬೇಕೆಂಬುದೊಂದೇ ಅವರ ಹಂಬಲ. ಅಂಥವರಿಗೆ ನಾನು ಚೇಳಿನ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದೆ.

ನನ್ನ ಪಾಠಕ್ಕೆ ಅವರು ಮೊದಲು ಅಡ್ಡ ಬಂದದ್ದು ಪ್ರಾರ್ಥನಾಮಂದಿರದ ಬಾಗಿಲಲ್ಲಿ. ಬೂಟು ಕಳಚಿ ಹೊರಗೆ ಜೋಡಿಸಿ, ಬರಿಗಾಲಲ್ಲಿ ಒಳಗೆ ಹೋಗಿ, ಬೆಂಚುಗಳ ಹಿಂದೆ ಕೋಲಿಗೆ ಎದೆಯೊರಗಿಸಿ ನಿಂತರು. ಆರಾಧನೆ ಮುಗಿಯುವವರೆಗೆ ಕೂರಲಿಲ್ಲ. ನಾನು ಮತ್ತೆ ಮತ್ತೆ ತಿರುಗಿ ನೋಡಿದೆ. ನಮ್ಮ ಕಡೆಯ ಕ್ರೈಸ್ತರಿಗೆ ದೇವಾಲಯದೊಳಗೆ ಬೂಟು ಹಾಕಿಕೊಂಡೇ ಹೋಗುವುದು ದೊಡ್ಡ ಸಂಗತಿಯಾಗಿತ್ತು. ನಮ್ಮಜ್ಜ ಭಾನುವಾರದ ಬೂಟಿಗೆ ಶನಿವಾರವೇ ಎಣ್ಣೆ ತಿಕ್ಕುತ್ತಿದ್ದ. ಗುಡಿಗೆ ಹೋಗುವವರು ಕಳಚುತ್ತಾರೆ, ನಾವು ಕಳಚುವುದಿಲ್ಲ, ಇಷ್ಟರ ಮೇಲೆ ಅವನ ಹೊಸ ಬದುಕು ನಿಂತಿತ್ತು.

"ದಾದಾ, ಇಲ್ಲೆ ಹಂಗ ಬರಿಗಾಲಲೆ ಬರಬಾರದ್ರಿ," ಎಂದು ಹೊರಗೆ ಬಂದ ಮೇಲೆ ಪಿಸುಗುಟ್ಟಿದೆ.

"ಯಾಕ?"

"ಬೂಟ್ ಹಾಕ್ಕೊಂಡ ಬರೂದು ಇಲ್ಲೀ ಪದ್ಧತಿ."

"ಇಲ್ಲೀದೇನು, ಸಾಹೇಬರ ಊರಿಂದೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ನಿಮ್ಮಜ್ಜಿ ಏನ್ ಹಾಕ್ಕೊಂಡ ಬರ್ತಿದ್ಲು?" ಎಂದರು.

ನಮ್ಮಜ್ಜಿ ಜನ್ಮದಲ್ಲಿ ಕಾಲಿಗೆ ಏನೂ ಹಾಕಿದವಳಲ್ಲ. ಅದನ್ನು ಹೇಳಿದೆ. ದಾದಾ ತಲೆಯಾಡಿಸಿದರು, ಆ ಅಜ್ಜಿಯ ಜೊತೆ ತಮ್ಮದೇನೋ ಹಳೆಯ ಪರಿಚಯವಿದ್ದ ಹಾಗೆ.

ಛತ್ರಿಯದೂ ಅದೇ ಕತೆ. ಮಳೆ ಹಿಡಿಯುವ ಮೊದಲು ಬೋರಿ ಆಳಿಯ ಪೇಟೆಯಲ್ಲಿ ಒಂದು ಗಟ್ಟಿ ಛತ್ರಿ ಕೊಡಿಸಿದೆ. ಮೊದಲ ದೊಡ್ಡ ಮಳೆಗೆ ನೋಡುತ್ತೇನೆ, ಬಗಲಲ್ಲಿದ್ದ ಕೀರ್ತನೆಗಳ ಪುಸ್ತಕದ ಮೇಲೆ ಛತ್ರಿ ಹಿಡಿದು, ತಾವು ತೊಪ್ಪನೆ ತೊಯ್ದು ಬರುತ್ತಿದ್ದಾರೆ. ತಲೆಯ ಮೇಲೆ ಹಿಡಿಯಬೇಕೆಂದು ತೋರಿಸಿಕೊಟ್ಟೆ. ಅವರ ಊರಲ್ಲಿ ಛತ್ರಿ ಹಿಡಿಯುವುದು ದೇವರ ವಸ್ತುಗಳಿಗಂತೆ. ದೀಕನ್ ಒಬ್ಬ ತನ್ನ ತಲೆಗೆ ತಾನೇ ಛತ್ರಿ ಹಿಡಿದರೆ ನೋಡಿದವರು ನಗುತ್ತಾರಂತೆ. ಅದರ ಫಲವೇ ಆ ಬೂಟಿನ ವಾಸನೆ. ದಿನವೂ ತೊಯ್ದು ಬಂದ ಬೂಟನ್ನು ನಾನು ದಿನವೂ ಶೆಗಡಿಗೆ ಇಡುತ್ತಿದ್ದೆ.

ದಿನವೂ ತೊಯ್ಯಲು ಕಾರಣ ಬೇರೆಯೇ ಇತ್ತು.

ಆ ವರ್ಷ ಹೊಸ ಕಾನೂನು ಬಂದಿತ್ತು. ಪರದೇಶದವರೆಲ್ಲ ಪೊಲೀಸರ ಹತ್ತಿರ ಹೆಸರು ಬರೆಸಿ, ಸಹಿ ಮಾಡಿ, ಇರಲು ಪರವಾನಗಿ ಪಡೆಯಬೇಕು. ಕಚೇರಿ ಲಷ್ಕರಿನಲ್ಲಿ, ಅಂದರೆ ಪುಣೆಯ ದಂಡುಪ್ರದೇಶದಲ್ಲಿ. ದಾದಾನನ್ನು ಕರೆದುಕೊಂಡು ಹೋದೆ. ಜೊತೆಗಾರನ ಕೆಲಸವೇ ಅದು. ಅಲ್ಲಿ ಕೂತಿದ್ದ ಫೌಜದಾರರು ವಿಜಾಪುರದವರೆಂದು ತಿಳಿದಾಗ ನನ್ನ ಅರ್ಧ ಹೆದರಿಕೆ ಇಳಿಯಿತು.

"ಗದಗಿನವರೇನ್ರಿ? ಬರ್ರಿ ಬರ್ರಿ, ಕೂಡ್ರಿ ಮಾಸ್ತರ. ಮುಂಜಾನಿಂದ ಮರಾಠಿ ಮಾತಾಡಿ ನಾಲಿಗಿ ತಿರುವಿ ಹೋಗ್ಯದ," ಎಂದರು. ಆಮೇಲೆ ದಾದಾನ ಕಡೆ ನೋಡಿ, "ಅಂವಂದು ಯಾವ ದೇಶ?"

"ಅಬಿಸೀನಿಯಾರಿ."

ಫೌಜದಾರರು ತಮ್ಮ ಮುಂದಿದ್ದ ಸರಕಾರಿ ಯಾದಿಯ ಮೇಲೆ ಬೆರಳಾಡಿಸಿದರು. "ಹಂಗೊಂದು ದೇಶ ಇದರಾಗ ಇಲ್ರಿ. ಮೊದಲ ಇತ್ತು. ಈಗ ಅದು ಇಟಲಿಯವರದಂತ ನಮ್ಮ ಸರಕಾರನ ಒಪ್ಪಿಬಿಟ್ಟದ. ಇಟಲಿ ಪ್ರಜಾ ಅಂತ ಬರೀತೀನಿ. ಕೆಳಗ ಒಂದು ಸಹಿ ಮಾಡಸ್ರಿ, ಮುಗೀತು."

ನಾನು ದಾದಾನಿಗೆ ತಿಳಿಸಿದೆ. ಅವರು ಪೆನ್ನು ತೆಗೆದುಕೊಂಡು, ಸಹಿಯ ಗೆರೆಯ ಮೇಲಿದ್ದ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಮೇಲೆ ಬರೆದದ್ದೆಲ್ಲ ನಿಜವೆಂದು ಪ್ರಮಾಣಮಾಡಿ ಹೇಳುತ್ತೇನೆ, ಇಷ್ಟೇ ಅದರಲ್ಲಿದ್ದದ್ದು. ದಾದಾ ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟುಬಿಟ್ಟರು.

"ನಾ ಆ ರಾಜನ ಪ್ರಜಾ ಅಲ್ಲ ತಮ್ಮಾ."

"ಯಾರ ಹೌದಂತಾರ?" ಎಂದರು ಫೌಜದಾರರು. "ನಾನೇನು ಇಂಗ್ಲೆಂಡ್ ರಾಜನ ಸ್ವಾದರಮಾವನ ಮಗಾನ? ಆದರೂ ಅವನ ಪ್ರಜಾ ಅಂತ ಬರದಾರ, ತಿಂಗಳಾ ಪಗಾರ ಬರ್ತದ. ಕಾಗದಪತ್ರ ಅಂದ್ರ ಹಿಂಗ ಇರೂದು, ತಿಳಿಸಿ ಹೇಳ್ರಿ ನಿಮ್ಮ ಗೆಳ್ಯಾಗ."

ತಿಳಿಸಿ ಹೇಳಿದೆ. ದಾದಾ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. "ಸುಳ್ಳಿಗೆ ಪ್ರಮಾಣ ಮಾಡಿದ ಕೈಲೆ ನಾ ಮತ್ತ ಪ್ರಭುಭೋಜನದ ಪಾತ್ರಿ ಮುಟ್ಟೂಹಂಗಿಲ್ಲ. ನಮ್ಮಲ್ಲೆ ಅದಕ್ಕ ಮಾಫಿ ಇಲ್ಲ. ಊರಿಗೆ ಹೋಗಿ ಬಾಗಲ ಹೊರಗ ನಿಲ್ಲಬೇಕಾಗ್ತದ. ಅಷ್ಟಕ್ಕ ಇಷ್ಟು ದೂರ ನಡದು ಬಂದೆನೇನು?"

ಫೌಜದಾರರಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಸಹಿ ಇಲ್ಲದಿದ್ದರೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದವರನ್ನು ಮುಂಬಯಿಗೆ ಒಯ್ದು ಹಡಗು ಹತ್ತಿಸುತ್ತಾರೆ. ಹಡಗು ಹೋಗುವುದು ಅವರ ಊರಿಗೆ, ಅಲ್ಲಿ ಕೂತಿರುವವರು ಇಟಲಿಯವರು. ಮಠದ ಹಿರಿಯರಿಗೆ ಏನಾಯಿತೋ ಅದೇ ಇವರಿಗೂ. ಸಹಿ ಮಾಡಿದರೆ ಜೀವ ಉಳಿಯುತ್ತದೆ, ಜೀವ ಯಾತಕ್ಕೆ ಉಳಿಸಿಕೊಂಡಿದ್ದರೋ ಅದು ಹೋಗುತ್ತದೆ. ಇದನ್ನು ಇಷ್ಟು ಸ್ಪಷ್ಟವಾಗಿ ಈಗ ಬರೆಯುತ್ತಿದ್ದೇನೆ. ಅಂದು ನನಗೆ ತೋಚಿದ್ದು, ಸುಮ್ಮನೆ ಸಹಿ ಮಾಡಿಬಿಡಬಾರದೇ ಎಂಬುದೊಂದೇ. ಅದೇ ವಾರ ನೀತಿಶಾಸ್ತ್ರದ ಪರೀಕ್ಷೆಯಲ್ಲಿ ಸುಳ್ಳಾಡುವುದರ ವಿರುದ್ಧ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದಿದ್ದೆ.

ಫೌಜದಾರರು ಮೀಸೆ ತೀಡಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. "ಒಂದು ಕಿಂಡಿ ಅದ," ಎಂದರು. "ಈ ಕಾಲಮ್ ಖಾಲಿ ಬಿಡ್ತೀನಿ. ಮುಂಬಯಿಗೆ ಬರದು ಕೇಳ್ತೀನಿ. ಉತ್ತರ ಬರೂತನಕ ಅಂವ ದಿನಾ ಇಲ್ಲಿಗೆ ಬಂದು ನನ್ನ ಕಣ್ಣಿಗೆ ಬೀಳಬೇಕು, ಮಧ್ಯಾಹ್ನದೊಳಗ. ಒಂದ ದಿವಸ ತಪ್ಪಿದ್ರೂ ಓಡಿಹೋದ ಅಂತ ಬರೀತೀನಿ, ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ."

"ಉತ್ತರ ಯಾವಾಗ ಬರಬಹುದ್ರಿ?"

"ಮುಂಬಯಿ ಸಚಿವಾಲಯದ ಸುದ್ದಿ ನನಗ ಕೇಳ್ತೀರಲಾ ಮಾಸ್ತರ," ಎಂದು ನಕ್ಕರು.

ದಾದಾ ಮರುದಿನದಿಂದ ನಡೆಯತೊಡಗಿದರು. ಕಾಲೇಜಿನಿಂದ ಹೊರಟು, ಯೆರವಡಾ ಜೇಲಿನ ಉದ್ದನೆಯ ಗೋಡೆಯ ಪಕ್ಕ ಹಾದು, ಬಂಡ್ ಗಾರ್ಡನ್ನಿನ ಸೇತುವೆ ದಾಟಿ, ಲಷ್ಕರಿನವರೆಗೆ. ಅಲ್ಲಿ ಒಂದು ನಿಮಿಷ ಫೌಜದಾರರ ಮುಂದೆ ನಿಂತು, ಅದೇ ದಾರಿಯಲ್ಲಿ ವಾಪಸು. ಬೆಳಕು ಹರಿಯುವ ಹೊತ್ತಿಗೆ ಕೋಲಿಗೆ ಒರಗಿ ತಮ್ಮ ಭಾಷೆಯಲ್ಲಿ ಕೀರ್ತನೆಗಳನ್ನು ಹೇಳಿ ಮುಗಿಸಿಯೇ ಹೊರಡುವುದು. ಬುಧವಾರ, ಶುಕ್ರವಾರ ಅವರಿಗೆ ಉಪವಾಸ, ಇಳಿಹೊತ್ತಿನವರೆಗೆ ನೀರೂ ಇಲ್ಲ. ಆ ದಿನಗಳಲ್ಲೂ ನಡಿಗೆ ಒಂದು ದಿನವೂ ನಿಧಾನವಾಗಲಿಲ್ಲ. ಟಾಂಗಾ ಮಾಡಿಕೊಳ್ಳಿ ಎಂದರೆ ನನ್ನದೇ ಮಾತನ್ನು ನನಗೆ ತಿರುಗಿಸಿದರು. "ಕುದರಿ ಮುಗ್ಗರಿಸಿದ್ರ? ನನ್ನ ಕಾಲ ನನಗ ಗೊತ್ತದ."

ಪ್ರಿನ್ಸಿಪಾಲ್ ಸಾಹೇಬರು ಒಂದು ದಿನ ಅವರನ್ನು ಕೂರಿಸಿಕೊಂಡರು. ನಾನೂ ಬಾಗಿಲ ಬಳಿ ಇದ್ದೆ. ಅದು ಬರಿಯ ಸರಕಾರಿ ವಿಂಗಡಣೆ, ಆತ್ಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸಾಹೇಬರು ಪ್ರೀತಿಯಿಂದಲೇ ವಿವರಿಸಿದರು. ದಾದಾ ಪೂರ್ತಿ ಕೇಳಿ, "ಸಾಹೇಬ್ರ, ನಾಳೆ ಜರ್ಮನಿಯವರು ನಿಮ್ಮ ಊರಿಗೆ ಬಂದು ಕೂತರ, ನೀವು ಏನಂತ ಬರಸ್ತೀರಿ?" ಎಂದು ಕೇಳಿದರು. ಅಣಕವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ. ಮರುದಿನದಿಂದ ಮೊದಲ ಪಾಠದ ಗಂಟೆ ದಾದಾ ಲಷ್ಕರಿನಿಂದ ಮರಳಿ ಬಂದ ಮೇಲೆ ಬಾರಿಸತೊಡಗಿತು. ಯಾರೂ ಕಾರಣ ಕೇಳಲಿಲ್ಲ.

ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಧಾರವಾಡದ ಕಡೆ ನನಗೆ ದೀಕ್ಷಾಸ್ನಾನ ಕೊಟ್ಟಿದ್ದ ಮುದಿ ಜರ್ಮನ್ ಪಾದ್ರಿಯನ್ನೂ ಪೊಲೀಸರು ಕರೆದೊಯ್ದರೆಂದು ಸುದ್ದಿ ಬಂತು. ನನ್ನ ಚಿಂತೆಗೆ ಹೊಸ ಮೇವು ಸಿಕ್ಕಿತು. ದಾದಾ ಹೊರಟ ಮೇಲೆ ಅವರು ತಿರುಗಿ ಬರುವವರೆಗೆ ನಾನು ಒಂದು ಪುಟವನ್ನೂ ಓದಿದವನಲ್ಲ. ಗೇಟಿನ ಹತ್ತಿರ ಹೋಗುವುದು, ಬರುವುದು. ಕಾವಲಿನವನು ನನಗೊಂದು ಕಲ್ಲು ಗೊತ್ತುಮಾಡಿ ಕೊಟ್ಟಿದ್ದ, ಕೂರಲು.

ಹಸ್ತ ಮಳೆ ಹಿಡಿದಾಗ ನಾನು ಹೆದರಿದ್ದು ಆಯಿತು. ಚಳಿಜ್ವರ. ಮುಂಜಾನೆ ನೋಡುತ್ತೇನೆ, ಹೊದಿಕೆಯೊಳಗೆ ದಾದಾ ಮಂಚ ಅಲುಗಾಡುವಷ್ಟು ನಡುಗುತ್ತಿದ್ದಾರೆ, ಹಣೆ ಮುಟ್ಟಲು ಆಗುತ್ತಿಲ್ಲ. ಕ್ವಿನೈನ್ ಕುಡಿಸಿ, "ಏಳಬ್ಯಾಡ್ರಿ, ನಾ ಹೋಗಿ ಹೇಳಿ ಬರ್ತೀನಿ," ಎಂದು ಟಾಂಗಾ ಹಿಡಿದು ಲಷ್ಕರಿಗೆ ಓಡಿದೆ. ಕುದುರೆ ಬಡಕಲೋ ಕೊಬ್ಬಿದ್ದೋ ನೋಡಲಿಲ್ಲ.

"ಚೀಟಿ ನಡಿಯೂದಿಲ್ರಿ ಮಾಸ್ತರ, ಮನಶ್ಯಾ ಬರಬೇಕು," ಎಂದರು ಫೌಜದಾರರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಒಂದು ಕೆಲಸ ಮಾಡ್ರಿ. ಈ ಕಾಗದ ಒಯ್ರಿ. ಇಟಲಿ ಅಂತ ಬರದೀನಿ. ಜ್ವರದ ತಾಪದಾಗ ಒಂದು ಸಹಿ ಬಿತ್ತಂದ್ರ ನಾಳೆ ಅಂವಗೂ ನೆನಪಿರೂದಿಲ್ಲ, ದೇವರೂ ಹಿಡದು ಕೇಳೂದಿಲ್ಲ. ಅಂವನ್ನ ಹಡಗ ಹತ್ತಿಸಿ ನನಗೇನಾಗಬೇಕಾಗ್ಯದ? ನಾನೂ ಮಕ್ಕಳೊಂದಿಗ."

ಅವರು ಕರುಣೆಯಿಂದ ಕೊಟ್ಟದ್ದು. ಕೋಟಿನೊಳಗೆ ಇಟ್ಟುಕೊಂಡು ಹೊರಟೆ. ಮಳೆ ಹುಯ್ಯುತ್ತಿತ್ತು. ಟಾಂಗಾ ಸೇತುವೆಗೆ ಬಂದಾಗ ಆಚೆ ತುದಿಯಿಂದ ಒಂದು ಬಿಳಿ ಬಟ್ಟೆ ಬರುತ್ತಿರುವುದು ಕಂಡಿತು. ನಾಲ್ಕು ಹೆಜ್ಜೆ ನಡೆಯುವುದು, ಕೋಲಿಗೆ ಒರಗಿ ನಿಲ್ಲುವುದು, ಮತ್ತೆ ನಡೆಯುವುದು. ಕೆಳಗೆ ನದಿ ಕೆಂಪಗೆ ಉಕ್ಕುತ್ತಿತ್ತು. ಟಾಂಗಾದವನು ತಾನಾಗಿಯೇ ಲಗಾಮು ಎಳೆದ.

"ಹತ್ರಿ ದಾದಾ."

ಹಲ್ಲು ಕಟಕಟ ಎನ್ನುತ್ತಿದ್ದರೂ ಮಾತು ನೆಟ್ಟಗೇ ಬಂತು. "ಕೂತರ ಏಳೂದು ಆಗೂದಿಲ್ಲ ತಮ್ಮಾ. ಗಾಡಿ ತಿರುವು. ಹಿಡಕೊಂಡು ನಡೀತೀನಿ."

ಟಾಂಗಾ ತಿರುಗಿತು. ಅವರು ಅದರ ಹಿಂದಿನ ಸರಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕೋಲೂರಿ ನಡೆದರು. ಸ್ವಲ್ಪ ದೂರ ನಾನು ಒಳಗೇ ಕೂತಿದ್ದೆ, ಯಜಮಾನನ ಹಾಗೆ. ಆಮೇಲೆ ಹೊಳೆದು ಇಳಿದು ಹೆಗಲು ಕೊಟ್ಟೆ. ಅವರ ಮೈಯ ಕಾವು ನನ್ನ ಒದ್ದೆ ಕೋಟಿನೊಳಗೆ ಇಳಿಯುತ್ತಿತ್ತು. ಟಾಂಗಾದವನು ಕುದುರೆಯನ್ನು ಹೆಣದ ಮೆರವಣಿಗೆಗಿಂತ ಮೆಲ್ಲಗೆ ನಡೆಸಿದ, ಒಂದು ಸಲವೂ ಗೊಣಗಲಿಲ್ಲ. ನನ್ನ ಬಾಯಿಂದ ಯಾವ ಎಚ್ಚರಿಕೆಯ ಮಾತೂ ಹೊರಡಲಿಲ್ಲ. ನನ್ನ ಬದುಕಿನಲ್ಲಿ ನಾನು ಹೆದರುವುದನ್ನೇ ಮರೆತ ಹೊತ್ತು ಅದೊಂದೇ. ಈ ಮನುಷ್ಯ ಬೀಳುವುದಿಲ್ಲ ಎಂದು ನನಗೆ ಗೊತ್ತಾಗಿಬಿಟ್ಟಿತ್ತು... ಹೇಗೆ ಗೊತ್ತಾಯಿತೋ ಹೇಳಲಾರೆ.

ಫೌಜದಾರರು ಕಿಟಕಿಯಿಂದಲೇ ನೋಡಿದ್ದಿರಬೇಕು. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ತಮ್ಮ ಸ್ವಂತ ಕುರ್ಚಿಯನ್ನು ಎಳೆದು ಹಾಕಿ ದಾದಾನನ್ನು ಅದರಲ್ಲಿ ಕೂರಿಸಿ, ತಾವು ನಿಂತುಕೊಂಡೇ ಹಾಜರಿ ಬರೆದರು. ಜವಾನನಿಗೆ, "ಬಂದಾರ. ಚಾ ತರಸು," ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ದಾದಾ ಯಾವಾಗಲೂ "ಅಂವ" ಆಗಿದ್ದರು.

ನಾನು ಕೋಟಿನೊಳಗಿನ ಕಾಗದ ತೆಗೆದುಕೊಟ್ಟೆ. ತೊಯ್ದು ಮುದ್ದೆಯಾಗಿತ್ತು. ಫೌಜದಾರರು ಅದನ್ನು ಹರಿದು ಬುಟ್ಟಿಗೆ ಹಾಕಿದರು. "ಎಂಥಾ ಮನಶ್ಯಾರಿಗೆ ಏನ್ ಕಳಿಸಿದ್ದೆ ನೋಡ್ರಿ ನಾ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಜ್ವರ ಬಿಟ್ಟಿತು, ಮಳೆ ಹೋಯಿತು, ಚಳಿ ಬಂತು, ಮತ್ತೆ ಬಿಸಿಲು. ಮುಂಬಯಿಯಿಂದ ಉತ್ತರವಿಲ್ಲ. ದಾದಾ ನಡೆಯುತ್ತಲೇ ಇದ್ದರು. ದಾರಿಯ ಹಾಲಿನವರು, ಜೇಲಿನ ಬಾಗಿಲ ಪಹರೆಯವರು ಅವರಿಗೆ ಕೈಯೆತ್ತಿ ನಮಸ್ಕಾರ ಮಾಡತೊಡಗಿದ್ದರು. ಮತ್ತೆ ಮೋಡ ಕಟ್ಟುವ ಹೊತ್ತಿಗೆ ಇಟಲಿಯೂ ನಮ್ಮ ಸರಕಾರದ ವಿರುದ್ಧ ಯುದ್ಧಕ್ಕೆ ಇಳಿಯಿತು. ಅದರ ಮರುದಿನವೋ ಅದರಾಚೆಯ ದಿನವೋ, ಫೌಜದಾರರು ಸೈಕಲ್ ಮೇಲೆ ತಾವೇ ಕಾಲೇಜಿಗೆ ಬಂದರು. ನಾನು ಎದ್ದು ಗೇಟಿಗೆ ಓಡಿದೆ. ಅವರು ಮರದ ಕೆಳಗೆ ಸೈಕಲ್ ನಿಲ್ಲಿಸಿ ಟೊಪ್ಪಿಗೆ ತೆಗೆದರು.

"ಇಟಲಿ ಅಂತ ಬರಸಿದವರನ್ನೆಲ್ಲ ಲಾರಿಯೊಳಗ ತುಂಬಿ ಕಳಿಸಿ ಬಂದೆ ಮಾಸ್ತರ. ಲಡಾಯಿ ಮುಗಿಯೂತನಕ ತಂತಿ ಬೇಲಿಯೊಳಗ. ನಿಮ್ಮ ದಾದಾನ ಹೆಸರು ಆ ಯಾದ್ಯಾಗ ಇರಲಿಲ್ಲ." ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, "ಇರತಿತ್ತು. ನಾನ ಬರೀತಿದ್ದೆ," ಎಂದರು.

ನಾನು ನನ್ನ ಕಲ್ಲಿನ ಮೇಲೆ ಕೂತೆ.

ಕೆಲವು ವಾರಗಳಲ್ಲಿ ಮುಂಬಯಿಯ ಉತ್ತರ ಬಂತು: ಇಂಗ್ಲಿಷರು ಈಗ ಅಬಿಸೀನಿಯಾದ ರಾಜನನ್ನು ತಮ್ಮ ಪಕ್ಷದವನೆಂದು ಒಪ್ಪಿದ್ದಾರೆ, ಆ ದೇಶದ ಹೆಸರನ್ನು ಬರೆಯಬಹುದು. ದಾದಾ ಅಂದು ಆ ಹಾಳೆಯ ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದರು. ಹುಟ್ಟಿದ ಹಳ್ಳಿಯ ಹೆಸರು ತಪ್ಪಾಗಿದೆಯೆಂದು ತಿದ್ದಿಸಿದರು; ತಿದ್ದಿದ್ದೂ ಸರಿಯಿಲ್ಲವೆಂದು ಮತ್ತೆ ತಿದ್ದಿಸಿದರು. ಹಿಂದೆ ಜನ ಸಾಲುಗಟ್ಟಿದ್ದರು. ಫೌಜದಾರರು ಎಲ್ಲರನ್ನೂ ಕಾಯಿಸಿದರು. ಕೊನೆಗೆ ದಾದಾ ತಮ್ಮ ಲಿಪಿಯಲ್ಲಿ, ಪುಟ್ಟ ಪುಟ್ಟ ಮನುಷ್ಯರು ಕೈಕಾಲು ಎತ್ತಿ ನಿಂತಂಥ ಅಕ್ಷರಗಳಲ್ಲಿ, ಸಹಿ ಮಾಡಿದರು. ಶಾಯಿ ಆರುವವರೆಗೆ ಹಾಳೆಯ ಮುಂದಿನಿಂದ ಕದಲಲಿಲ್ಲ.

ಮರುವರ್ಷ ಅವರ ರಾಜ ತನ್ನ ಊರಿಗೆ ಮರಳಿದ. ಓದು ಇನ್ನೂ ಸ್ವಲ್ಪ ಉಳಿದಿತ್ತು, ದಾದಾ ನಿಲ್ಲಲಿಲ್ಲ. ಮುಂಬಯಿಯವರೆಗೆ ನಾನು ಹೋದೆ. ಸಮುದ್ರದಲ್ಲಿ ಆಗ ಹಡಗುಗಳನ್ನು ಮುಳುಗಿಸುತ್ತಿದ್ದರು. ನಾನು ಅದನ್ನೂ ಹೇಳಿದೆ, ಜೊತೆಗಾರನ ಕೊನೆಯ ಸೂಚನೆಯಾಗಿ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದೊಂದು ಮಾತ್ರ ನನ್ನ ನೆನಪಿನಲ್ಲೂ ಕನ್ನಡವಾಗಿಲ್ಲ.

ಆಮೇಲೆ ಸುದ್ದಿಯಿಲ್ಲ. ಯುದ್ಧ ಮುಗಿಯಿತು. ಹೋದ ತಿಂಗಳು ನಮ್ಮ ಊರಿನ ಕಚೇರಿಗಳ ಮೇಲೂ ಹೊಸ ಬಾವುಟ ಏರಿತು. ನಾನೀಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪರದೇಶದಿಂದ ಬಂದವರನ್ನು ಲಷ್ಕರಿನ ಕಚೇರಿಗೆ ಕರೆದೊಯ್ಯುವುದು ಈಗಲೂ ನನ್ನ ಪಾಲಿನದು. ಫೌಜದಾರರು ಪಿಂಚಣಿ ಪಡೆದು ವಿಜಾಪುರಕ್ಕೆ ಹೋದರು. ಈ ವಾರ ಸಯಾಮ್ ದೇಶದಿಂದ ಬಂದವನೊಬ್ಬ ಹಾಳೆಯನ್ನು ಓದದೆಯೇ ಸಹಿಗೆ ಕೈಹಾಕಿದ. ನಾನು ತಡೆದು ಸಾಲು ಸಾಲಾಗಿ ಓದಿ ಹೇಳಿದೆ. ಹೊಸ ಕಾರಕೂನ ಆಕಳಿಸಿದ. ತಿರುಗಿ ಬರುವಾಗ ಅಷ್ಟೊಂದು ಓದುವುದು ಯಾಕೆಂದು ಆ ಸಯಾಮಿನವನು ಕೇಳಿದ್ದಕ್ಕೆ ದಾದಾನ ಕತೆ ಹೇಳಿದೆ. ಪೂರ್ತಿ ಕೇಳಿ, "ಆಮೇಲೆ ಅವರು ಆ ಮಠದಲ್ಲಿ ಪಾದ್ರಿಯಾದರೇ?" ಎಂದ.

ಹಡಗು ಮುಟ್ಟಿತೋ, ಮಠ ಉಳಿದಿತ್ತೋ, ಬಾಗಿಲು ತೆರೆಯಲು ಯಾರಾದರೂ ಇದ್ದರೋ... ಯಾರನ್ನು ಕೇಳಬೇಕೆಂಬುದೂ ನನಗೆ ತಿಳಿಯದು. ಮುಂಬಯಿಯ ಬಂದರಿನ ಧಕ್ಕೆಯವರೆಗೆ ಆ ಬಲಗೈ ಯಾವ ಸುಳ್ಳನ್ನೂ ಬರೆದಿರಲಿಲ್ಲ. ಅಲ್ಲಿಯವರೆಗೆ ನಾನು ಸಾಕ್ಷಿ.